ತೀರ್ಪು ಬರುವಷ್ಟರಲ್ಲಿ ಆಟ ಮುಗಿದಿತ್ತು

ಬೇಗಂ ಬಜಾರ್‌ನಲ್ಲಿ ಖರೀದಿ ಮುಗಿಸಿ ಮೂಸಿ ನದಿ ದಾಟಿದರೆ ಗುಮ್ಮಟಗಳ ಹೈಕೋರ್ಟ್ ಕಾಣುತ್ತದಲ್ಲವೇ? ಈ ಊರಿನ ಹುಡುಗ ಅಜರುದ್ದೀನ್ ಅವರ ಮೊಕದ್ದಮೆ ಮುಗಿದದ್ದು ಅಲ್ಲೇ.

2000ದ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಅಜರ್ 102 ರನ್ ಹೊಡೆದರು. ಅದು ಅವರ 99ನೇ ಟೆಸ್ಟ್. ನೂರನೆಯದು ಬರಲೇ ಇಲ್ಲ. ಮ್ಯಾಚ್ ಫಿಕ್ಸಿಂಗ್ ಆರೋಪದ ಮೇಲೆ ಅದೇ ಡಿಸೆಂಬರ್‌ನಲ್ಲಿ ಬಿಸಿಸಿಐ ಆಜೀವ ನಿಷೇಧ ಹೇರಿತು. ಆ ನಿಷೇಧ ಕಾನೂನುಬಾಹಿರವೆಂದು ಆಂಧ್ರಪ್ರದೇಶ ಹೈಕೋರ್ಟ್ ಹೇಳಿದ್ದು 2012ರ ನವೆಂಬರ್‌ನಲ್ಲಿ. ಆಗ ಅಜರ್‌ಗೆ 49 ವರ್ಷ. ಬ್ಯಾಟು ಹಿಡಿಯುವ ವಯಸ್ಸೇ ಅದು?

2019ರ ಜನವರಿ ನೆನಪಿಸಿಕೊಳ್ಳಿ. ಟಿವಿ ಕಾರ್ಯಕ್ರಮವೊಂದರಲ್ಲಿ ಹೆಣ್ಣುಮಕ್ಕಳ ಬಗ್ಗೆ ಆಡಿದ ಹಗುರ ಮಾತಿಗಾಗಿ ಹಾರ್ದಿಕ್ ಪಾಂಡ್ಯ, ಜೊತೆಗಿದ್ದ ನಮ್ಮ ಕೆ.ಎಲ್. ರಾಹುಲ್ ಇಬ್ಬರೂ ಅಮಾನತಾದರು. ಎರಡೇ ವಾರದಲ್ಲಿ ಅಮಾನತು ತೆರವಾಯಿತು. ಏಪ್ರಿಲ್‌ನಲ್ಲಿ ತಲಾ 20 ಲಕ್ಷ ರೂಪಾಯಿ ದಂಡ ಬಿತ್ತು. ತಪ್ಪಿಗೆ ಶಿಕ್ಷೆಯೂ ಆಯಿತು, ಆಟವೂ ಉಳಿಯಿತು.

ಆರೋಪ ಬಂದಾಗ ಆಟಗಾರನನ್ನು ಹೊರಗಿಡುವುದು ಸರಿಯೇ. ಆದರೆ ವಿಚಾರಣೆ ಬೇಗ ಮುಗಿಯಬೇಕು, ಕ್ರಮ ತಪ್ಪದೆ ಮುಗಿಯಬೇಕು. ಆಗ ತಪ್ಪಿತಸ್ಥನ ಶಿಕ್ಷೆ ಗಟ್ಟಿಯಾಗಿ ನಿಲ್ಲುತ್ತದೆ. ನಿರಪರಾಧಿಗೆ ಮರಳಿ ಆಡುವ ವಯಸ್ಸು ಉಳಿದಿರುತ್ತದೆ. ನೀವೇನಂತೀರಿ? ಬರೆದು ತಿಳಿಸಿ.