ಮುಗಿಲೆತ್ತರದ ಭೋಜನಶಾಲೆ

2001ರ ಸೆಪ್ಟೆಂಬರ್ 12ರಂದು ಹತ್ತನೆಯ ತರಗತಿಗೆ ನ್ಯೂಯಾರ್ಕಿನ ದುರಂತವನ್ನು ವಿವರಿಸುತ್ತಾ ಆ ಅವಳಿ ಗೋಪುರಗಳ ಎತ್ತರ, ಮಹಡಿಗಳ ಸಂಖ್ಯೆಯನ್ನು ಕರಿಹಲಗೆಯ ಮೇಲೆ ಬರೆದಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ತೀರಾ ಮೇಲೆ ಯಾರಿದ್ದರು?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಆ ಸಾಲವನ್ನು ಇಂದು ತೀರಿಸುತ್ತಿದ್ದೇನೆ.

ಉತ್ತರ ಗೋಪುರದ 106 ಮತ್ತು 107ನೆಯ ಮಹಡಿಗಳಲ್ಲಿ 'ವಿಂಡೋಸ್ ಆನ್ ದಿ ವರ್ಲ್ಡ್' ಎಂಬ ಹೋಟೆಲ್ ಇತ್ತು. 1976ರಲ್ಲಿ ಆರಂಭವಾದ ಅದು, 1993ರ ಬಾಂಬ್ ಸ್ಫೋಟದ ಬಳಿಕ ಮುಚ್ಚಿ, 1996ರಲ್ಲಿ ಪುನಃ ತೆರೆಯಿತು. ಕಿಟಕಿಯ ಪಕ್ಕ ಕುಳಿತವರಿಗೆ ಬಂದರು, ನದಿಗಳು, ಸ್ವಾತಂತ್ರ್ಯದೇವಿಯ ಪ್ರತಿಮೆ ಎಲ್ಲವೂ ಕೆಳಗೆ ಕಾಣುತ್ತಿದ್ದವು. ಆ ನೋಟ ಅತಿಥಿಗಳ ಪಾಲಿಗೆ. ಅಡುಗೆ, ಬಡಿಸುವಿಕೆ, ಪಾತ್ರೆ ತೊಳೆಯುವ ಕೆಲಸ ಬಹುಮಟ್ಟಿಗೆ ನಾನಾ ದೇಶಗಳಿಂದ ಬಂದ ವಲಸಿಗರ ಪಾಲಿಗೆ.

ಸೆಪ್ಟೆಂಬರ್ 11ರ ಬೆಳಿಗ್ಗೆ 8.46ಕ್ಕೆ ವಿಮಾನ ಅಪ್ಪಳಿಸಿದ್ದು 93ರಿಂದ 99ನೆಯ ಮಹಡಿಗಳಿಗೆ. ಮೇಲಿನಿಂದ ಇಳಿಯುವ ಮೆಟ್ಟಿಲುಗಳೆಲ್ಲ ಕಡಿದುಹೋದವು. ಆಗ ಹೋಟೆಲಿನಲ್ಲಿದ್ದ ಒಬ್ಬರೂ ಉಳಿಯಲಿಲ್ಲ. ಮಡಿದ ನೌಕರರೇ 70ಕ್ಕೂ ಹೆಚ್ಚು. ಆ ಹೊತ್ತಿನ ಪಾಳಿಯಲ್ಲಿ ಇರದಿದ್ದವರು ಬದುಕಿದರು, ಆದರೆ ಕೆಲಸ ಕಳೆದುಕೊಂಡರು. ಅವರಲ್ಲಿ ಕೆಲವರು ಸೇರಿ 2006ರಲ್ಲಿ ಅದೇ ನಗರದಲ್ಲಿ 'ಕಲರ್ಸ್' ಎಂಬ ಸಹಕಾರಿ ಹೋಟೆಲನ್ನು ತೆರೆದರು. ಅಲ್ಲಿ ಮುಗಿಲೆತ್ತರದ ನೋಟವಿರಲಿಲ್ಲ. ದುಡಿಯುವವರೇ ಒಡೆಯರಾಗಬೇಕೆಂಬ ಆಸೆಯಿತ್ತು. ಇಂದು ಅದೂ ಉಳಿದಿಲ್ಲ.

ಅಂದು ನಾನು ಎತ್ತರವನ್ನು ಬೋಧಿಸಿದೆ, ಮನುಷ್ಯರನ್ನು ಮರೆತೆ. ಪ್ರಶ್ನೆ ಕೇಳಿದ ಶಿಷ್ಯನೇ, ಎಲ್ಲಿದ್ದರೂ ಇದನ್ನು ಓದು. ತೀರಾ ಮೇಲೆ ಇದ್ದವರಲ್ಲಿ ತಟ್ಟೆ ಹಿಡಿದು ನಿಂತವರೂ ಇದ್ದರು, ಮಗು.