ಹಿಂದೆ ಬಲ, ಮುಂದೆ ಭಾರ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಗೆ ಟ್ರ್ಯಾಕ್ಟರ್ ಬಂದ ಮೇಲೂ ಒಂದು ಕೆಲಸ ಬಹುಕಾಲ ಬುಟ್ಟಿ-ಸಲಿಕೆಯ ಪಾಲಿಗೇ ಉಳಿಯಿತು: ತಿಪ್ಪೆಯ ಗೊಬ್ಬರವನ್ನು ನೆಲದಿಂದ ಎತ್ತಿ ಗಾಡಿಗೆ ತುಂಬುವುದು. ಉಳುವುದು ಯಂತ್ರಕ್ಕೆ ಹೋಯಿತು, ಒಯ್ಯುವುದೂ ಹೋಯಿತು, ತುಂಬುವುದು ಮಾತ್ರ ಹೋಗಲಿಲ್ಲ. ಯಾಕೆಂಬುದಕ್ಕೆ ಅರ್ಧ ಉತ್ತರ ಟ್ರ್ಯಾಕ್ಟರಿನ ಹುಟ್ಟಿನಲ್ಲಿದೆ, ಇನ್ನರ್ಧ ಕೂಲಿಯ ಲೆಕ್ಕದಲ್ಲಿ.

ಚಕ್ಕಡಿಯ ಕಾಲದಲ್ಲಿ ಗೊಬ್ಬರ ಹೇರುವುದು ಬೇಸಿಗೆಯ ಕೆಲಸ. ಮುಂಗಾರಿಗೆ ಮೊದಲು ಹೊಲಕ್ಕೆ ಬೀಳಬೇಕು, ಹೀಗಾಗಿ ಮುಯ್ಯಾಳಿನ ಲೆಕ್ಕದಲ್ಲಿ ನೆರೆಯವರ ಚಕ್ಕಡಿಗಳೂ ಬರುತ್ತಿದ್ದವು. ಗಂಡಸರು ತಿಪ್ಪೆ ಕಡಿದು ಬುಟ್ಟಿ ತುಂಬಿದರೆ ಹೆಂಗಸರು ಹೊತ್ತು ಸುರಿಯುತ್ತಿದ್ದರು. ಕೂರಿಗೆಯಲ್ಲಿ ಭತ್ತ ಬಿತ್ತುವ ಹಾನಗಲ್ಲಿನ ಗದ್ದೆಗೂ, ಸವಣೂರಿನ ಎರೆಹೊಲಕ್ಕೂ, ಹಿರೇಕೆರೂರಿನ ಮಸಾರಿಗೂ ಗೊಬ್ಬರ ಹೊರಟಿದ್ದು ಹೀಗೆಯೇ. ಕೆರೆ ಬತ್ತಿದಾಗ ಹೂಳಿನದೂ ಇದೇ ದಾರಿ. ಎತ್ತುಗಳಿಗೆ ಕಾರಹುಣ್ಣಿವೆ ಇತ್ತು, ಬುಟ್ಟಿ ಹೊತ್ತವರಿಗೆ ಅಂಥ ಹಬ್ಬ ಯಾವುದೂ ಇರಲಿಲ್ಲ.

ದೇಶದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರ್ ಐಷರ್, 1959ರಲ್ಲಿ ಫರೀದಾಬಾದಿನಿಂದ ಹೊರಬಂತು. ಮರುವರ್ಷ ಮದ್ರಾಸಿನಲ್ಲಿ ಟಾಫೆ, 1963ರಲ್ಲಿ ಮಹೀಂದ್ರ. ಮುಂದೆ ಹೊಲ ಅಡವಿಟ್ಟು ಪಿಎಲ್‌ಡಿ ಬ್ಯಾಂಕಿನ ಸಾಲದಲ್ಲಿ ಟ್ರ್ಯಾಕ್ಟರ್ ತರುವುದು ಹಳ್ಳಿಗಳಲ್ಲಿ ರೂಢಿಯಾಯಿತು. ಈ ಯಂತ್ರಗಳ ಬೆನ್ನಿಗಿದ್ದ ವಿದ್ಯೆ ಐರ್ಲೆಂಡಿನ ಹ್ಯಾರಿ ಫರ್ಗುಸನ್‌ನದು. ನೇಗಿಲನ್ನು ಹಿಂದೆ ಮೂರು ಕಡೆ ಕಟ್ಟಿ, ಎಣ್ಣೆಯ ಒತ್ತಡದಿಂದ ಎತ್ತಿಳಿಸಿ, ಉಳುವಾಗಿನ ಜಗ್ಗಾಟವನ್ನೇ ಹಿಂಗಾಲಿಗಳ ಹಿಡಿತಕ್ಕೆ ತಿರುಗಿಸುವ ಆ ಏರ್ಪಾಡು 1939ರ ಫೋರ್ಡ್-ಫರ್ಗುಸನ್ ಟ್ರ್ಯಾಕ್ಟರಿನಿಂದ ಜಗತ್ತಿಗೆಲ್ಲ ಹಬ್ಬಿತು. ಬಲವೆಲ್ಲ ಹಿಂದೆ, ಮುಂದಿನ ಸಣ್ಣ ಗಾಲಿಗಳು ದಾರಿ ತೋರಿಸಿದರೆ ಸಾಕಿತ್ತು.

ಮುಂದೆ ಭಾರ ಹೊರುವ ಯೋಚನೆ ಇಂಗ್ಲೆಂಡಿನಲ್ಲೂ ಬೆಳೆಯಿತು. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ 1945ರಲ್ಲಿ ಅಟಾಕ್ಸಿಟರ್ ಎಂಬ ಊರಿನ ಬಾಡಿಗೆ ಗ್ಯಾರೇಜಿನಲ್ಲಿ, ಯುದ್ಧದಲ್ಲಿ ಮಿಕ್ಕಿದ ಸಾಮಾನಿನಿಂದ ಒಂದು ಎತ್ತಿ ಸುರಿಯುವ ಟ್ರೇಲರ್ ಮಾಡಿ 45 ಪೌಂಡಿಗೆ ಮಾರಿದ. ನಾಲ್ಕಾರು ವರ್ಷದಲ್ಲಿ ಫೋರ್ಡ್‌ಸನ್ ಮೇಜರ್ ಟ್ರ್ಯಾಕ್ಟರಿನ ಮುಂದೆ ಕೂರಿಸುವ ಹೈಡ್ರಾಲಿಕ್ ಲೋಡರ್ ತಂದ; 1953ರಲ್ಲಿ ಹಿಂದೆ ಅಗೆಯುವ ಕೈಯನ್ನೂ ಸೇರಿಸಿದ. ಅವನ ಹೆಸರಿನ ಮೂರು ಅಕ್ಷರವೇ ಜೆಸಿಬಿ. 1979ರಲ್ಲಿ ಎಸ್ಕಾರ್ಟ್ಸ್ ಜತೆ ಸೇರಿ ಕಂಪನಿ ಹರಿಯಾಣದ ಬಲ್ಲಭಗಢದಲ್ಲಿ ತಯಾರಿಕೆ ಶುರುಮಾಡಿತು. ಮೊದಲು ಟ್ರೇಲರ್, ಆಮೇಲೆ ಲೋಡರ್, ಕೊನೆಗೆ ಅಗೆಯುವ ಕೈ: ಇದು ಅಲ್ಲಿನ ಕ್ರಮ. ನಮ್ಮಲ್ಲಿ ಟ್ರೇಲರ್ ಆದ ಮೇಲೆ ನೇರವಾಗಿ ಹಳದಿ ಜೆಸಿಬಿಯೇ ಹಳ್ಳಿಗೆ ಬಂತು. ಟ್ರ್ಯಾಕ್ಟರಿನ ಮುಂದಿನ ಬಕೆಟ್ ತಡವಾಗಿ ಬಂತು. ಅಲ್ಲಿಯವರೆಗೆ ಟ್ರೇಲರ್ ತುಂಬುವ ಆಳು ಅಗ್ಗವಾಗಿ ಸಿಗುತ್ತಿತ್ತು, ಅಷ್ಟೇ.

ಕೆರೆಗಳು ಈ ರೂಢಿಯನ್ನು ಬದಲಿಸಿದವು. 2002ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಶುರುವಾದ, ಕೆರೆ ಅಭಿವೃದ್ಧಿಯ ಜಲ ಸಂವರ್ಧನೆ ಯೋಜನೆಗೆ ಹಾವೇರಿ ಜಿಲ್ಲೆಯೂ ಸೇರಿತ್ತು. ಇಂಥ ಹೂಳೆತ್ತುವ ಕೆಲಸಗಳಲ್ಲಿ ಜೆಸಿಬಿ ತುಂಬುವುದು, ರೈತರ ಟ್ರ್ಯಾಕ್ಟರ್ ಒಯ್ಯುವುದು. ನಿಮಿಷಗಳಲ್ಲಿ ಟ್ರೇಲರ್ ತುಂಬುವುದನ್ನು ಕಂಡವರಿಗೆ ಸಲಿಕೆ ಮತ್ತೆ ಹಿಡಿಸೀತೇ?

ಆದರೆ ಟ್ರ್ಯಾಕ್ಟರಿಗೆ ಲೋಡರ್ ಕೂರಿಸುವುದು ನೇಗಿಲು ಸಿಕ್ಕಿಸಿದಂತಲ್ಲ. ಎರಡೂ ಮಗ್ಗುಲಿಗೆ ಕಬ್ಬಿಣದ ಚೌಕಟ್ಟು ಬೋಲ್ಟ್ ಮಾಡಿ, ಪೈಪು ಎಳೆದು, ಬೇರೆ ವಾಲ್ವ್ ಕೂರಿಸಬೇಕು. ಆಗೊಮ್ಮೆ ಈಗೊಮ್ಮೆ ನೇಗಿಲು ಎತ್ತಲೆಂದು ಮಾಡಿದ ಪಂಪು ದಿನವಿಡೀ ದುಡಿದರೆ ಎಣ್ಣೆ ಕಾಯುತ್ತದೆ, ಬಕೆಟ್ ನಿಧಾನವಾಗುತ್ತದೆ. 6.00-16 ಅಳತೆಯ ಮುಂದಿನ ಟೈರು, ಅದರ ಅಚ್ಚು ಆ ಭಾರಕ್ಕೆಂದು ಮಾಡಿದವಲ್ಲ. ಬಕೆಟ್ ತುಂಬಿದೊಡನೆ ಹಿಂಗಾಲಿ ಹಗುರಾಗಿ ಹಿಡಿತ ತಪ್ಪುತ್ತದೆ. ಅದಕ್ಕೇ ಹಿಂದಿನ ಟೈರಿಗೆ ನೀರು ತುಂಬಬೇಕು, ಇಲ್ಲವೇ ಹಿಂದೆ ಕಾಂಕ್ರೀಟಿನ ಗಟ್ಟಿ ಕಟ್ಟಬೇಕು. ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಗಾಡಿಯಾದರೆ ಚಾಲಕನ ರಟ್ಟೆಯೇ ಗತಿ.

ಚಾಲಕನ ಕಷ್ಟ ಬೇರೆ ಥರದ್ದು. ವರ್ಷಗಟ್ಟಲೆ ಕತ್ತು ಹೊರಳಿಸಿ ಹಿಂದಿನ ಸಾಲು ನೋಡಿದವನು ಈಗ ಮುಂದಿನ ಬಕೆಟ್ಟಿನ ಅಂಚು ನೋಡಬೇಕು. ತುಂಬಿದ ಬಕೆಟ್ ನೆಲಕ್ಕೆ ಹತ್ತಿರವಿರಬೇಕು. ಮೇಲೆತ್ತಿಕೊಂಡೇ ತಿರುಗಿದರೆ ಟ್ರ್ಯಾಕ್ಟರ್ ಮಗುಚಬಹುದು. ಮುಂದೆ-ಹಿಂದೆ ಓಡಾಟದಲ್ಲಿ ಕ್ಲಚ್ ಸವೆಯುತ್ತದೆ. ಸವಣೂರಿನ ಕಡೆಯ ಎರೆಯಲ್ಲಿ ಒಂದು ಮಳೆಯಾದರೂ ಮುಂಗಾಲಿ ಹೂತುಕೊಳ್ಳುತ್ತದೆ. ಹಿರೇಕೆರೂರಿನ ಮಸಾರಿಯಲ್ಲಿ ಆ ತೊಂದರೆ ಕಡಿಮೆ.

ಇಷ್ಟಾಗಿ, ತಿಪ್ಪೆ ಎತ್ತುವ ಯಂತ್ರ ಬರುವ ಹೊತ್ತಿಗೆ ತಿಪ್ಪೆಯೇ ಸಣ್ಣದಾಗಿತ್ತು. ಟ್ರ್ಯಾಕ್ಟರ್ ಸಗಣಿ ಹಾಕುವುದಿಲ್ಲವಲ್ಲ! ಬಂಕಾಪುರದ ಕೋಟೆಯಲ್ಲಿ ಖಿಲಾರಿ ದನಗಳ ತಳಿ ಕೇಂದ್ರವಿದೆ, ದೀಪಾವಳಿಯ ನಂತರ ಕೊಬ್ಬರಿ ಕಟ್ಟಿದ ಹೋರಿಗಳು ಜಿಲ್ಲೆಯ ತುಂಬ ಓಡುತ್ತವೆ. ಆದರೆ ಹೊಲಕ್ಕೆ ಬೇಕಾಗುವಷ್ಟು ಗೊಬ್ಬರ ಅವುಗಳಿಂದ ಬರುವುದಿಲ್ಲ. ಹೀಗಾಗಿ ಲೋಡರಿಗೆ ದುಡಿಮೆ ಸಿಗುವುದು ಗೋವಿನಜೋಳದ ರಾಶಿ, ಹೂಳು, ಮಣ್ಣು, ಜಲ್ಲಿಯಲ್ಲಿ. ಎರಡು-ಮೂರು ಎಕರೆಯವರಿಗೆ ಸ್ವಂತ ಲೋಡರ್ ದಂಡ. ಬಾಡಿಗೆಗೆ ತರುವುದೇ ಲೇಸು. ಕೊಳ್ಳಲೇಬೇಕೆನ್ನುವವರು ಬಕೆಟ್ ಎಷ್ಟು ದೊಡ್ಡದೆಂದು ಕೇಳುವ ಮೊದಲು, ತಮ್ಮ ಟ್ರ್ಯಾಕ್ಟರಿನ ಹಿಂದೆ ಎಷ್ಟು ಭಾರ ಕಟ್ಟಬೇಕೆಂದು ಮೆಕ್ಯಾನಿಕನನ್ನು ಕೇಳಲಿ.