ಪ್ರತಿಕಾಯಗಳು ಮತ್ತು ಸಂಧಿರೋಗಗಳ ತಿಳಿವಳಿಕೆಯ ಚರಿತ್ರೆ: ಮಾಜಾಳಿಯ ಗಡಿಯಿಂದ ಒಂದು ಅವಲೋಕನ

ಪ್ರವೇಶ

ಕರ್ನಾಟಕದ ಕರಾವಳಿಯು ಉತ್ತರದಲ್ಲಿ ಕೊನೆಗೊಳ್ಳುವುದು ಕಾರವಾರ ತಾಲೂಕಿನ ಮಾಜಾಳಿಯಲ್ಲಿ. ಇದರ ದಕ್ಷಿಣಕ್ಕೆ ಸದಾಶಿವಗಡ, ಅದರಾಚೆ ಕಾಳಿ ನದಿ. ಉತ್ತರಕ್ಕೆ ಗೋವೆಯ ಗಡಿ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಜಿಲ್ಲಾಕೇಂದ್ರವಾದ ಕಾರವಾರವನ್ನು ಸೇರಲು ಇಲ್ಲಿನವರು ನದಿಯನ್ನು ದಾಟಬೇಕು. ಗೋವೆಯ ಆಸ್ಪತ್ರೆಗಳನ್ನು ಸೇರಲು ಗಡಿಯನ್ನು ದಾಟಬೇಕು. ಆಡಳಿತದ ಇತಿಹಾಸದಲ್ಲಿ ಈ ನೆಲೆಗೆ ಇರುವ ಮಹತ್ವವು ವೈದ್ಯಕೀಯದ ಇತಿಹಾಸದಲ್ಲಿಯೂ ಇದೆ. ಒಮ್ಮೆ ಔಷಧ ಕುಡಿದು ವಾಸಿಯಾಗುವ ಜ್ವರಕ್ಕೆ ದೂರವು ಅಷ್ಟಾಗಿ ಅಡ್ಡಿಯಾಗದು. ಆದರೆ ವರ್ಷಗಟ್ಟಲೆ ರಕ್ತಪರೀಕ್ಷೆ, ಔಷಧ, ಮರುಭೇಟಿಗಳನ್ನು ಬೇಡುವ ರೋಗಗಳಿಗೆ ನದಿಯೂ ಗಡಿಯೂ ಚಿಕಿತ್ಸೆಯ ಭಾಗವೇ ಆಗಿಬಿಡುತ್ತವೆ.

ಅಂತಹ ರೋಗಗಳಲ್ಲಿ ರುಮಟಾಯ್ಡ್ ಸಂಧಿವಾತ ಮತ್ತು ಲೂಪಸ್ ಮುಖ್ಯವಾದವು. ಹೊರಗಿನ ರೋಗಾಣುವಿನ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾವ್ಯವಸ್ಥೆಯು ತನ್ನದೇ ಅಂಗಾಂಶಗಳ ಮೇಲೆ ತಿರುಗಿಬೀಳುವುದರಿಂದ ಇವನ್ನು ಸ್ವಯಂಪ್ರತಿರಕ್ಷಾ ರೋಗಗಳೆಂದು ಕರೆಯಲಾಗಿದೆ. ಇವುಗಳನ್ನು ಗುರುತಿಸಲು ನೆರವಾಗುವ ಮುಖ್ಯ ಕುರುಹು ರಕ್ತದಲ್ಲಿ ದೊರೆಯುವ ಪ್ರತಿಕಾಯಗಳು. ಈ ಪ್ರತಿಕಾಯಗಳ ತಿಳಿವಳಿಕೆ ಬೆಳೆದುಬಂದ ಬಗೆಯನ್ನು ನಿರೂಪಿಸಿ, ಅದನ್ನು ಉತ್ತರ ಕನ್ನಡ ಹಾಗೂ ನೆರೆಯ ಮಲೆನಾಡಿನ ಅನುಭವದೊಡನೆ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಪ್ರತಿಕಾಯವು ಒಂದು ಸಾಕ್ಷ್ಯವೇ ಹೊರತು ತೀರ್ಪಲ್ಲ ಎಂಬುದು ಇಲ್ಲಿ ಪ್ರತಿಪಾದಿಸಲಾಗುವ ವಿಚಾರ.

ಹಳೆಯ ಹೆಸರುಗಳು

ಕೀಲುನೋವಿನ ರೋಗಗಳು ನಮ್ಮ ನಾಡಿಗೆ ಹೊಸವಲ್ಲ. ಮಾಧವಕರನ ರೋಗನಿದಾನ ಗ್ರಂಥದಲ್ಲಿ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಕೀಲುಗಳ ಊತ, ಬಿಗಿತ, ಜ್ವರ, ಅರುಚಿ ಇವೆಲ್ಲವನ್ನೂ ಒಂದೇ ರೋಗದ ಅಂಗಗಳಾಗಿ ಕಂಡದ್ದು ಆ ವರ್ಣನೆಯ ವೈಶಿಷ್ಟ್ಯ. ರೋಗ ಇರುವುದು ಕೀಲಿನಲ್ಲಿ ಮಾತ್ರವಲ್ಲ, ಇಡೀ ಶರೀರದಲ್ಲಿ ಎಂಬ ಅರಿವು ಅದರಲ್ಲಿದೆ. ಆಡುಮಾತಿನಲ್ಲಿ ಮಾತ್ರ ‘ವಾಯು’, ‘ವಾತ’ ಎಂಬ ಪದಗಳು ಎಲ್ಲ ಬಗೆಯ ಕೀಲುನೋವನ್ನೂ ಒಟ್ಟಾಗಿ ಸೂಚಿಸುತ್ತ ಬಂದಿವೆ. ಮುಪ್ಪಿನಲ್ಲಿ ಸವೆದ ಮಂಡಿಗೂ ಮೂವತ್ತರ ಹೆಣ್ಣುಮಗಳ ಊದಿದ ಬೆರಳುಗಳಿಗೂ ಒಂದೇ ಹೆಸರು. ಹೆಸರು ಒಂದೇ ಆದಾಗ ಉಪಚಾರವೂ ಒಂದೇ ಆಗುವುದು ಸಹಜ. ಎಣ್ಣೆ, ಶಾಖ, ನೋವಿನ ಮಾತ್ರೆ ಇವುಗಳಲ್ಲಿಯೇ ಅಮೂಲ್ಯವಾದ ಮೊದಲ ತಿಂಗಳುಗಳು ಕಳೆದುಹೋಗುತ್ತವೆ. ನೋವುಗಳನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ನೋಡಲು ಪ್ರತಿಕಾಯಗಳ ಶೋಧವು ದಾರಿಮಾಡಿಕೊಟ್ಟಿತು.

ಪ್ರತಿಕಾಯದ ಶೋಧ: ರಕ್ಷಕನಿಂದ ಆರೋಪಿಯವರೆಗೆ

1890ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಶಿಬಸಬುರೊ ಅವರು, ರೋಗಕ್ಕೆ ಒಗ್ಗಿಸಿದ ಪ್ರಾಣಿಯ ಸೀರಮ್ ಇನ್ನೊಂದು ಪ್ರಾಣಿಯನ್ನು ಧನುರ್ವಾಯು ಮತ್ತು ಗಂಟಲಮಾರಿಗಳಿಂದ ರಕ್ಷಿಸಬಲ್ಲದೆಂದು ತೋರಿಸಿದರು. ಅಂದು ಪ್ರತಿಕಾಯವು ಕೇವಲ ರಕ್ಷಕ. ಪಾಲ್ ಎರ್ಲಿಕ್ ಮತ್ತು ಮೋರ್ಗನ್‌ರಾಟ್ ಅವರು ಆಡುಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಬೇರೆ ಆಡಿನ ರಕ್ತಕಣಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿದರೂ ತನ್ನದೇ ರಕ್ತಕಣಗಳ ವಿರುದ್ಧ ಹುಟ್ಟಲಿಲ್ಲ. ದೇಹವು ತನ್ನನ್ನು ತಾನೇ ವಿಷಗೊಳಿಸಲು ಹೇಸುತ್ತದೆ ಎಂದು ಎರ್ಲಿಕ್ 20ನೆಯ ಶತಮಾನದ ಆರಂಭದಲ್ಲಿ ಸೂತ್ರೀಕರಿಸಿದನು. 1904ರಲ್ಲಿಯೇ ಡೊನಾಟ್ ಮತ್ತು ಲಾಂಡ್‌ಸ್ಟೈನರ್ ಅವರು, ಚಳಿ ತಗಲಿದಾಗ ರಕ್ತಮೂತ್ರವಾಗುವ ಒಂದು ರೋಗದಲ್ಲಿ ರೋಗಿಯ ಪ್ರತಿಕಾಯವೇ ಆತನ ರಕ್ತಕಣಗಳನ್ನು ಒಡೆಯುತ್ತದೆಂದು ಸಿದ್ಧಪಡಿಸಿದರು. ಆದರೂ ಎರ್ಲಿಕ್‌ನ ಅಭಿಪ್ರಾಯದ ಪ್ರಭಾವದಿಂದಾಗಿ ಈ ಶೋಧದ ಪೂರ್ಣ ಅರ್ಥವನ್ನು ವೈದ್ಯಲೋಕವು ಅರ್ಧ ಶತಮಾನದವರೆಗೆ ಗ್ರಹಿಸಲಿಲ್ಲ. ಪ್ರಮಾಣಪುರುಷನ ಮಾತು ಸಾಕ್ಷ್ಯವನ್ನು ಮರೆಮಾಡಿದ ನಿದರ್ಶನವಿದು.

ಸಂಧಿರೋಗಗಳಲ್ಲಿ ಪ್ರತಿಕಾಯದ ಪಾತ್ರ ಮೂರು ಹೆಜ್ಜೆಗಳಲ್ಲಿ ಸ್ಪಷ್ಟವಾಯಿತು. ಮೊದಲನೆಯದು ರುಮ್ಯಾಟಿಕ್ ಜ್ವರ. 1932ರಲ್ಲಿ ಟಾಡ್ ಎಂಬ ವಿಜ್ಞಾನಿಯು ಸ್ಟ್ರೆಪ್ಟೊಕಾಕಸ್ ರೋಗಾಣುವಿನ ಒಂದು ವಿಷವಸ್ತುವಿನ ವಿರುದ್ಧ ಹುಟ್ಟುವ ಪ್ರತಿಕಾಯವನ್ನು ಅಳೆಯುವ ಪರೀಕ್ಷೆಯನ್ನು ರೂಪಿಸಿದನು, ಇಂದಿಗೂ ಎ.ಎಸ್.ಓ. ಎಂಬ ಹೆಸರಿನಲ್ಲಿ ಇದು ಬಳಕೆಯಲ್ಲಿದೆ. ಮಕ್ಕಳ ಗಂಟಲುಬೇನೆಯ ಕೆಲವು ವಾರಗಳ ಅನಂತರ ಕೀಲುಗಳು ಊದಿಕೊಂಡು, ಆ ಮೇಲೆ ಹೃದಯದ ಕವಾಟಗಳು ಕೆಡುವುದಕ್ಕೆ, ರೋಗಾಣುವಿಗಾಗಿ ಹುಟ್ಟಿದ ರಕ್ಷಣಾಶಕ್ತಿಯು ಅದನ್ನೇ ಹೋಲುವ ಹೃದಯದ ಅಂಗಾಂಶವನ್ನು ತಾಕುವುದೇ ಕಾರಣವೆಂಬುದು ಮುಂದೆ ತಿಳಿದುಬಂತು. ಆದರೆ ಎ.ಎಸ್.ಓ. ಹೆಚ್ಚಿದೆ ಎಂದರೆ ಈಚೆಗೆ ಸ್ಟ್ರೆಪ್ಟೊಕಾಕಸ್ ಸೋಂಕು ತಗಲಿತ್ತು ಎಂದಷ್ಟೇ ಅರ್ಥ. ರುಮ್ಯಾಟಿಕ್ ಜ್ವರ ಇದೆ ಎಂದಲ್ಲ. ಇದನ್ನು ಮರೆತು ಪ್ರತಿಯೊಂದು ಕೀಲುನೋವಿಗೂ ಈ ಪರೀಕ್ಷೆ ಮಾಡಿಸುವ ರೂಢಿಯಿಂದ ಅನೇಕ ಮಕ್ಕಳು ಅನಗತ್ಯವಾಗಿ ಹೃದ್ರೋಗಿಯೆಂಬ ಹಣೆಪಟ್ಟಿಯನ್ನು ಹೊರುವಂತಾಗುತ್ತದೆ.

ಎರಡನೆಯ ಹೆಜ್ಜೆ ರುಮಟಾಯ್ಡ್ ಸಂಧಿವಾತಕ್ಕೆ ಸಂಬಂಧಿಸಿದ್ದು. ನಾರ್ವೆಯ ಎರಿಕ್ ವಾಲರ್ 1940ರಲ್ಲಿ, ಈ ರೋಗಿಗಳ ಸೀರಮ್, ಮೊಲದ ಪ್ರತಿಕಾಯವನ್ನು ಲೇಪಿಸಿದ ಕುರಿಯ ರಕ್ತಕಣಗಳನ್ನು ಗುಂಪುಗೂಡಿಸುತ್ತದೆಂದು ಪ್ರಕಟಿಸಿದನು. ಯುದ್ಧಕಾಲದಲ್ಲಿ ಯಾರೂ ಗಮನಿಸದ ಈ ಸಂಗತಿಯನ್ನು 1948ರಲ್ಲಿ ನ್ಯೂಯಾರ್ಕಿನಲ್ಲಿ ಹ್ಯಾರಿ ರೋಸ್ ಮತ್ತು ಸಂಗಡಿಗರು ಮತ್ತೆ ಕಂಡುಕೊಂಡರು. ಪ್ರತಿಕಾಯದ ವಿರುದ್ಧವೇ ಹುಟ್ಟಿದ ಈ ಪ್ರತಿಕಾಯಕ್ಕೆ ರುಮಟಾಯ್ಡ್ ಫ್ಯಾಕ್ಟರ್ ಎಂಬ ಹೆಸರು ಬಂತು. ಮೂರನೆಯದು ಲೂಪಸ್. ಅದೇ 1948ರಲ್ಲಿ ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ಹಾರ್‌ಗ್ರೇವ್ಸ್ ಮತ್ತು ಸಹೋದ್ಯೋಗಿಗಳು, ಈ ರೋಗಿಗಳ ಅಸ್ಥಿಮಜ್ಜೆಯಲ್ಲಿ ಇನ್ನೊಂದು ಕೋಶದ ಕೇಂದ್ರವನ್ನು ನುಂಗಿದ ವಿಚಿತ್ರ ಕೋಶಗಳನ್ನು ಕಂಡರು. 1957ರ ವೇಳೆಗೆ ಕೋಶಕೇಂದ್ರದ ವಿರುದ್ಧ, ಡಿ.ಎನ್.ಎ. ವಿರುದ್ಧ ಪ್ರತಿಕಾಯಗಳಿರುವುದು ದೃಢಪಟ್ಟಿತು. 1956ರಲ್ಲಿ ಥೈರಾಯ್ಡ್ ಗ್ರಂಥಿಯ ಮೇಲೆ ಬಫೆಲೊ ಮತ್ತು ಲಂಡನ್ನುಗಳಲ್ಲಿ ನಡೆದ ಸಂಶೋಧನೆಗಳು, 1957ರಲ್ಲಿ ಬರ್ನೆಟ್ ಮಂಡಿಸಿದ ಸಿದ್ಧಾಂತ ಇವುಗಳ ಬಲದಿಂದ, ದೇಹವು ತನ್ನ ವಿರುದ್ಧವೇ ಪ್ರತಿಕಾಯಗಳನ್ನು ಹುಟ್ಟಿಸಬಲ್ಲದೆಂಬುದು ಅಂತಿಮವಾಗಿ ಅಂಗೀಕೃತವಾಯಿತು. ರಕ್ಷಕನು ಆರೋಪಿಯಾದನು.

ಸಾಕ್ಷ್ಯದ ಮಿತಿಗಳು

ಆರೋಪ ಹೊರಿಸಿದ ಮಾತ್ರಕ್ಕೆ ಅಪರಾಧ ಸಿದ್ಧವಾಗುವುದಿಲ್ಲ. ಕೋಶಕೇಂದ್ರದ ವಿರುದ್ಧದ ಪ್ರತಿಕಾಯವನ್ನು ಪತ್ತೆಹಚ್ಚುವ ಎ.ಎನ್.ಎ. ಪರೀಕ್ಷೆಯನ್ನು ಆರೋಗ್ಯವಂತರ ಮೇಲೆ ನಡೆಸಿದ ಒಂದು ಅಂತಾರಾಷ್ಟ್ರೀಯ ಅಧ್ಯಯನವು 1997ರಲ್ಲಿ ಪ್ರಕಟವಾಯಿತು. ಸೀರಮ್ಮನ್ನು 40 ಪಟ್ಟು ತೆಳುಗೊಳಿಸಿ ನೋಡಿದಾಗ ಶೇ. 31.7ರಷ್ಟು ಮಂದಿಯಲ್ಲಿಯೂ, 160 ಪಟ್ಟು ತೆಳುಗೊಳಿಸಿದಾಗ ಶೇ. 5ರಷ್ಟು ಮಂದಿಯಲ್ಲಿಯೂ ಫಲಿತಾಂಶ ಧನಾತ್ಮಕವಾಗಿತ್ತು. ರುಮಟಾಯ್ಡ್ ಫ್ಯಾಕ್ಟರ್ ಕೂಡ ಕ್ಷಯ, ಕುಷ್ಠ, ಮಲೇರಿಯಾ ಮೊದಲಾದ ದೀರ್ಘ ಸೋಂಕುಗಳಲ್ಲಿ ಕಾಣಿಸಿಕೊಳ್ಳುವುದುಂಟು. ಈ ಸೋಂಕುಗಳೆಲ್ಲ ಬಹುಕಾಲ ನೆಲೆಸಿದ್ದ ಕರಾವಳಿಯಂತಹ ಪ್ರದೇಶದಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು. 1998ರಲ್ಲಿ ಗುರುತಿಸಲಾದ, ಸಿಟ್ರುಲಿನ್ ಅಂಶವುಳ್ಳ ಪ್ರೋಟೀನುಗಳ ವಿರುದ್ಧದ ಪ್ರತಿಕಾಯವು ಇದಕ್ಕಿಂತ ಹೆಚ್ಚು ನಂಬಲರ್ಹವಾದ ಸಾಕ್ಷಿ; ಅದರ ಪರೀಕ್ಷೆಯು ಸಿ.ಸಿ.ಪಿ. ಎಂಬ ಹೆಸರಿನಲ್ಲಿ ಪ್ರಚಲಿತವಾಗಿದೆ. ಆದರೂ ಇದಾವುದೂ ಕಾಣದ ರೋಗಿಗಳಿದ್ದಾರೆ.

ಇದರ ಮತ್ತೊಂದು ಮುಖವೂ ಇದೆ. ಅಮೆರಿಕದ ಸೇನೆಯು ಸಂಗ್ರಹಿಸಿಟ್ಟಿದ್ದ ಸೀರಮ್ ಮಾದರಿಗಳನ್ನು ಪರಿಶೀಲಿಸಿದ 2003ರ ಅಧ್ಯಯನದಲ್ಲಿ, ಲೂಪಸ್ ತಗಲಿದ 130 ಮಂದಿಯ ಪೈಕಿ 115 ಮಂದಿಯಲ್ಲಿ ರೋಗನಿರ್ಣಯಕ್ಕೆ ಮೊದಲೇ ಕನಿಷ್ಠ ಒಂದು ಪ್ರತಿಕಾಯವಿದ್ದುದು ಕಂಡುಬಂತು. ಅಂದರೆ ಘಟನೆಗೆ ಮೊದಲೇ ಸಾಕ್ಷಿಯು ಸ್ಥಳದಲ್ಲಿ ಹಾಜರಿರುತ್ತದೆ. ಶಾಸನವೊಂದನ್ನು ಅದರ ಕಾಲ, ಸ್ಥಳ, ಸಂದರ್ಭಗಳಿಂದ ಬೇರ್ಪಡಿಸಿ ಓದಲಾಗದಂತೆ, ಪ್ರತಿಕಾಯವನ್ನೂ ರೋಗಿಯ ದೇಹಲಕ್ಷಣಗಳಿಂದ ಬೇರ್ಪಡಿಸಿ ಓದಲಾಗದು.

ಕರ್ನಾಟಕದ ಎರಡು ನಿದರ್ಶನಗಳು

ಈ ತತ್ತ್ವಕ್ಕೆ ನಮ್ಮ ರಾಜ್ಯದಲ್ಲಿಯೇ ಎರಡು ನಿದರ್ಶನಗಳಿವೆ. ಉತ್ತರ ಕನ್ನಡಕ್ಕೆ ಹೊಂದಿಕೊಂಡ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ, ಸೊಂಟ ಮತ್ತು ಮಂಡಿಗಳ ತೀವ್ರ ನೋವಿನಿಂದ ಜನರು ನಡೆಯಲಾರದಂತಾದುದು ಬೆಳಕಿಗೆ ಬಂತು. ಬಾಧಿತರು ಬಹುಮಟ್ಟಿಗೆ ಬಡ ಕೃಷಿಕಾರ್ಮಿಕರು. ಗದ್ದೆಗೆ ಸಿಂಪಡಿಸಿದ ಕೀಟನಾಶಕದಿಂದ ಕೆಟ್ಟ ಏಡಿ, ಮೀನುಗಳನ್ನು ತಿಂದುದೇ ಕಾರಣವೆಂಬ ಶಂಕೆ ಮೊದಲು ಮೂಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿರೋಗವೆಂದು ವರ್ಣಿಸಿದರು. ಮುಂದಿನ ಅಧ್ಯಯನಗಳು ಇದು ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ, ಎಲುಬಿನ ಬೆಳವಣಿಗೆಯ ದೋಷವೆಂದು ತೋರಿಸಿದವು. ಇಲ್ಲಿ ಸತ್ಯವನ್ನು ನುಡಿದದ್ದು ಪ್ರತಿಕಾಯವಲ್ಲ. ಎಕ್ಸ್-ರೇ ಚಿತ್ರಗಳು ಮತ್ತು ಕುಟುಂಬಗಳ ವಂಶಾವಳಿ.

ಎರಡನೆಯದು ಚಿಕುನ್‌ಗುನ್ಯ. ಪೂರ್ವ ಆಫ್ರಿಕಾದ ಇಂದಿನ ತಾಂಜಾನಿಯಾದಲ್ಲಿ 1952ರಲ್ಲಿ ಮೊದಲು ಗುರುತಿಸಲಾದ ಈ ವೈರಸ್ ಜ್ವರವು, 1970ರ ದಶಕದ ಅನಂತರ ಭಾರತದಲ್ಲಿ ಬಹುಮಟ್ಟಿಗೆ ಕಣ್ಮರೆಯಾಗಿದ್ದು, 2005-06ರಲ್ಲಿ ಮರಳಿತು. 2006ರಲ್ಲಿ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಕರ್ನಾಟಕದವು. ಜ್ವರ ಇಳಿದರೂ ಕೆಲವರಲ್ಲಿ ಕೀಲುನೋವು ತಿಂಗಳುಗಟ್ಟಲೆ ಉಳಿದು, ರುಮಟಾಯ್ಡ್ ಸಂಧಿವಾತವನ್ನೇ ಹೋಲುತ್ತಿತ್ತು. ಇಲ್ಲಿ ಪ್ರತಿಕಾಯವಿದೆ, ಆದರೆ ಅದು ವೈರಸ್ಸಿನ ವಿರುದ್ಧದ್ದು, ದೇಹದ ವಿರುದ್ಧದ್ದಲ್ಲ. ಹಂದಿಗೋಡಿನ ನೋವು, ಚಿಕುನ್‌ಗುನ್ಯದ ನೋವು, ರುಮಟಾಯ್ಡ್ ನೋವು ಇವು ಮೂರೂ ಜನರ ಬಾಯಲ್ಲಿ ‘ವಾಯು’ವೇ. ಇವುಗಳ ಮೂಲ ಬೇರೆ, ಚಿಕಿತ್ಸೆ ಬೇರೆ, ಭವಿಷ್ಯವೂ ಬೇರೆ.

ಮಲೇರಿಯಾದ ಔಷಧ, ಲೂಪಸ್ಸಿನ ರೋಗಿ

ಪ್ರತಿಕಾಯದ ಚರಿತ್ರೆಯು ಉತ್ತರ ಕನ್ನಡದ ಚರಿತ್ರೆಯನ್ನು ಮತ್ತೊಂದು ದಾರಿಯಲ್ಲಿಯೂ ಸಂಧಿಸುತ್ತದೆ. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ 1956ರವರೆಗೆ ಅಲ್ಲಿಯೇ ಉಳಿದ ಈ ಜಿಲ್ಲೆಯು ಮಲೇರಿಯಾಕ್ಕೆ ಕುಖ್ಯಾತವಾಗಿತ್ತು. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ 1946ರಿಂದ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳಲ್ಲಿ ಡಿ.ಡಿ.ಟಿ. ಸಿಂಪಡಿಸಿದ ಕಾರ್ಯವು ಭಾರತದ ಗ್ರಾಮೀಣ ಮಲೇರಿಯಾ ನಿಯಂತ್ರಣದ ಆರಂಭಿಕ ಪ್ರಯೋಗಗಳಲ್ಲಿ ಒಂದು. ಮಲೇರಿಯಾಕ್ಕೆ ಕೊಡುತ್ತಿದ್ದ ಔಷಧಗಳೇ ಲೂಪಸ್ಸಿಗೂ ನೆರವಾಗುತ್ತವೆಂಬುದು ಗಮನಾರ್ಹ. 1894ರಲ್ಲಿಯೇ ಲಂಡನ್ನಿನ ಪೇನ್ ಎಂಬ ವೈದ್ಯನು ಲೂಪಸ್ಸಿಗೆ ಕ್ವಿನೈನ್ ಬಳಸಿದ್ದನು. 1951ರಲ್ಲಿ ಪೇಜ್ ಎಂಬಾತನು ಮೆಪಾಕ್ರಿನ್‌ನಿಂದ ಗುಣ ಕಂಡ ರೋಗಿಗಳ ವಿವರವನ್ನು ಪ್ರಕಟಿಸಿದನು. ಆ ದಶಕದಲ್ಲಿಯೇ ಬಳಕೆಗೆ ಬಂದ ಹೈಡ್ರಾಕ್ಸಿಕ್ಲೋರೊಕ್ವಿನ್ ಇಂದಿಗೂ ಲೂಪಸ್ ಚಿಕಿತ್ಸೆಯ ಆಧಾರಸ್ತಂಭ.

2020ರ ಮಾರ್ಚ್ ಕೊನೆಯ ವಾರದಲ್ಲಿ ಈ ಔಷಧದ ಹೆಸರು ಮನೆಮಾತಾಯಿತು. ಆರೋಗ್ಯ ಕಾರ್ಯಕರ್ತರು ಮತ್ತು ಸೋಂಕಿತರ ಮನೆಯವರು ಕೊರೋನಾ ತಡೆಗಾಗಿ ಇದನ್ನು ಸೇವಿಸಬಹುದೆಂಬ ಸೂಚನೆ ಹೊರಬಿದ್ದಾಗ ಜನರು ಔಷಧದಂಗಡಿಗಳಿಗೆ ಮುಗಿಬಿದ್ದರು. ನಿತ್ಯವೂ ಅದನ್ನೇ ನಂಬಿದ್ದ ಲೂಪಸ್, ಸಂಧಿವಾತ ರೋಗಿಗಳಿಗೆ ದೇಶದ ಹಲವೆಡೆ ಕೊರತೆ ಉಂಟಾಯಿತು. ಕೊರೋನಾಕ್ಕೆ ಅದರಿಂದ ಪ್ರಯೋಜನವಿಲ್ಲವೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಅದೇ ದಿನಗಳಲ್ಲಿ ರಾಜ್ಯಗಳ ಗಡಿಗಳೂ ಮುಚ್ಚಿದ್ದವು. 1961ರವರೆಗೆ ಪೋರ್ಚುಗೀಸರ ಆಳ್ವಿಕೆಯ ಅಂಚಾಗಿದ್ದ, ಆ ಬಳಿಕ ದಿನನಿತ್ಯ ದಾಟುವ ಗೆರೆಯಷ್ಟೇ ಆಗಿದ್ದ ಮಾಜಾಳಿಯ ಗಡಿಯು ಮತ್ತೊಮ್ಮೆ ಗೋಡೆಯಾಯಿತು.

ಉಪಸಂಹಾರ

ಗೋವೆಯ ವೈದ್ಯಕೀಯ ಶಾಲೆಯು 1842ರಷ್ಟು ಹಳೆಯದು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2016ರಲ್ಲಿ. ಈ ಅಂತರವೇ ಗಡಿಭಾಗದವರು ಉತ್ತರಕ್ಕೆ ಮುಖಮಾಡಿದ್ದರ ಕಾರಣವನ್ನು ಬಹುಮಟ್ಟಿಗೆ ವಿವರಿಸುತ್ತದೆ. ದಕ್ಷಿಣದ ದಾರಿಯೂ ನಿಶ್ಚಿತವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆಯೇ ಕುಸಿದುಬಿತ್ತು.

1996ರಲ್ಲಿ ಪುಣೆ ಜಿಲ್ಲೆಯ ಭಿಗವಣ ಗ್ರಾಮದಲ್ಲಿ ನಡೆದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ. 0.5ರಷ್ಟು ಮಂದಿಗೆ ರುಮಟಾಯ್ಡ್ ಸಂಧಿವಾತವಿತ್ತು. ಇನ್ನೂರಕ್ಕೆ ಒಬ್ಬರು ಎಂದರೆ ಯಾವ ದೊಡ್ಡ ಗ್ರಾಮವೂ ಇದರಿಂದ ಹೊರತಲ್ಲ. ಈ ರೋಗದಲ್ಲಿ ಮೊದಲ ಕೆಲವು ತಿಂಗಳಲ್ಲಿ ಸರಿಯಾದ ಚಿಕಿತ್ಸೆ ದೊರೆತರೆ ಕೀಲುಗಳನ್ನು ಉಳಿಸಿಕೊಳ್ಳಬಹುದು. ಒಮ್ಮೆ ಕೊರೆದುಹೋದ ಎಲುಬು ಮೊದಲಿನಂತಾಗದು. ರಕ್ತದ ಮಾದರಿಯು ಇಂದು ಕೊರಿಯರ್‌ನಲ್ಲಿ ಮಹಾನಗರದ ಪ್ರಯೋಗಾಲಯಕ್ಕೆ ಹೋಗಿ, ಫಲಿತಾಂಶವು ಮರುದಿನವೇ ಮೊಬೈಲಿಗೆ ಬರಬಲ್ಲದು. ಆದರೆ ಅದನ್ನು ಓದಿ, ಬೆರಳುಗಳನ್ನು ಮುಟ್ಟಿ ನೋಡಿ, ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆಂದು ವಿಚಾರಿಸುವ ತಜ್ಞವೈದ್ಯನು ಅಷ್ಟು ಬೇಗ ಬರಲಾರ. ಸಾಕ್ಷಿಯು ನ್ಯಾಯಾಧೀಶನಿಗಿಂತ ಮೊದಲು ಹಳ್ಳಿಯನ್ನು ತಲುಪಿದೆ. ಎರ್ಲಿಕ್‌ನ ಕಾಲದಲ್ಲಿ ಸಾಕ್ಷ್ಯವಿದ್ದರೂ ಅದನ್ನು ನಂಬುವವರಿರಲಿಲ್ಲ. ಇಂದು ಸಾಕ್ಷ್ಯವನ್ನೇ ತೀರ್ಪೆಂದು ನಂಬುವ ಅಪಾಯವಿದೆ. ಈ ಎರಡು ತಪ್ಪುಗಳ ನಡುವಿನ ದಾರಿಯನ್ನು, ನದಿಗೂ ಗಡಿಗೂ ನಡುವೆ ಬದುಕುವ ಜನರಿಗೆ ಅವರ ಸಮೀಪದಲ್ಲಿಯೇ ಒದಗಿಸಿಕೊಡುವುದು ಈ ಚರಿತ್ರೆಯು ನಮ್ಮ ಮುಂದೆ ಇಡುವ ಹೊಣೆಯಾಗಿದೆ.